ಮೂಗು ಹಿಡಿದ ಹೊತ್ತಿಗೆ ಬಂದ ಫೋನು

ವೆಸ್ಟ್ ವರ್ಜೀನಿಯಾದ ಗಣಿಯೂರೊಂದರ ಆಸ್ಪತ್ರೆಯಲ್ಲಿ ನರ್ಸಾಗಿಯೇ ತಲೆ ನೆರೆಸಿಕೊಂಡಿದ್ದ ವನೆಟಾಗೆ ಆ ಬೆಳಿಗ್ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಡಿಗ್ರಿ ಇಲ್ಲವೆಂಬ ಒಂದೇ ಕಾರಣಕ್ಕೆ ಹೆಡ್ ನರ್ಸ್ ಕೆಲಸ ಹಿಂದೆ ಅವಳ ಕೈತಪ್ಪಿತ್ತು. ಈಗ ಡಿಗ್ರಿ ಇದೆಯಲ್ಲ! ಡ್ಯೂಟಿ ಮುಗಿಸಿ ಬಂದು, ಅಡುಗೆಮನೆ ಮೇಜಿನ ಮೇಲಿನ ಬೀನ್ಸ್ ಪಾತ್ರೆ ಅತ್ತ ಸರಿಸಿ, ಲ್ಯಾಪ್‌ಟಾಪ್ ಮುಂದೆ ತೂಕಡಿಸುತ್ತ ಓದಿ ಪಡೆದದ್ದು. ಇಂಟರ್‌ವ್ಯೂ ಆಗಿತ್ತು, ಉತ್ತರ ಇವತ್ತು ಬರಬೇಕು.

"ಆನ್‌ಲೈನ್ ಡಿಗ್ರೀನ ಮೇಲಿನೋರು ಲೆಕ್ಕಕ್ಕಿಡ್ತಾರಾ, ಡ್ರೀಮಾ?"

"ಇಡ್ದೆ ಏನು? ನೀನೇನು ಮನೇಲಿ ಕೂತು ಸಿನಿಮಾ ನೋಡಿದ್ಯಾ?" ಎಂದಳು ಜೊತೆಯ ನರ್ಸ್ ಡ್ರೀಮಾ.

ಖುಷಿಯ ಭರದಲ್ಲಿ ವನೆಟಾ ಆಡಬಾರದ ಮಾತನ್ನು ಆಡಿಬಿಟ್ಟಳು. "ಪುಣ್ಯಕ್ಕೆ ಇವತ್ತು ಎಮರ್ಜೆನ್ಸಿ ತಣ್ಣಗಿದೆ."

"ನಿನ್ನ ಬಾಯಿಗೆ ಮಣ್ಣು ಹಾಕ! ಡ್ಯೂಟಿ ಮೇಲೆ ಆ ಮಾತು ಆಡಿದ್ರೆ ರೋಗಿಗಳು ನುಗ್ತಾರೆ ಅಂತ ಗೊತ್ತಿಲ್ವೇನೇ?"

ಆಡಿದರೆ ಸುಮ್ಮನಿರುತ್ತದೆಯೇ? ಶಾಲೆಯ ಬಸ್ಸೊಂದು ಚರಂಡಿಗಿಳಿದು, ಮಂಡಿ ತರಚಿದ ಮಕ್ಕಳ ದಂಡೇ ಅಳುತ್ತ ಬಂತು. ಹಿಂದೆಯೇ ಗಣಿಯಿಂದ ನಿವೃತ್ತನಾದ ಮುದುಕ ಹಾರ್ಲೆಸ್, ಮೂಗಿನಿಂದ ರಕ್ತ ಸುರಿಸಿಕೊಂಡು. ವನೆಟಾ ಅವನನ್ನು ಮುಂದಕ್ಕೆ ಬಾಗಿಸಿ ಒಂದು ಕೈಯಲ್ಲಿ ಮೂಗು ಒತ್ತಿ ಹಿಡಿದಳು, ಇನ್ನೊಂದರಲ್ಲಿ ಬೋಗುಣಿ. ನಡುವೆ ಕೈ ಬಿಟ್ಟರೆ ರಕ್ತ ಸುರಿದು ಮತ್ತೆ ಮೊದಲಿಂದ ಒತ್ತಬೇಕು. ಹಾಳಾದ ಫೋನು ಆಗಲೇ ಬರಬೇಕೆ! ಡ್ರೀಮಾ ಓಡಿಬಂದು ಅವಳ ಜೇಬಿನಿಂದ ತೆಗೆದು, ಸ್ಪೀಕರ್ ಹಾಕಿ ಅವಳ ಮುಖದ ಮುಂದೆ ಹಿಡಿದಳು.

"ವನೆಟಾ, ಡಿಗ್ರಿ ಆನ್‌ಲೈನ್ ಅಂತ ಒಬ್ರು ತಕರಾರು ತೆಗೆದ್ರು," ಎಂದರು ಮೇಲಧಿಕಾರಿ.

ವನೆಟಾ ಮುದುಕನ ಮೂಗನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು.

"ನಾನಂದೆ, ಕಾಲೇಜಿಗೆ ಮಾನ್ಯತೆ ಇದೆ, ಕಲ್ತಿದ್ದನ್ನ ನಮ್ಮ ವಾರ್ಡಲ್ಲೇ ಮಾಡಿ ತೋರ್ಸಿದಾಳೆ, ಇನ್ನೇನು ಬೇಕ್ರೀ ಅಂತ. ಹೆಡ್ ನರ್ಸ್ ಕೆಲಸ ನಿಂದೇ ಕಣಮ್ಮ. ಒಪ್ಪಿಗೆ ತಾನೆ?"

ವನೆಟಾ ಕಣ್ಣರಳಿಸಿ ಫೋನನ್ನೇ ನೋಡಿದಳು.

"ಹೂಂ ಅನ್ನೇ ತಾಯಿ, ಯಾಕೆ ಕಾಯಿಸ್ತೀಯ!" ಎಂದ ಹಾರ್ಲೆಸ್, ಮೂಗು ಮುಚ್ಚಿದ ದನಿಯಲ್ಲೇ. "ಕುಣಿಯೋ ಭರದಲ್ಲಿ ನನ್ನ ಮೂಗು ಮಾತ್ರ ಬಿಟ್ಬಿಡಬೇಡ."

"ಹೂಂ!" ಎಂದು ವನೆಟಾ ಕೂಗಿದ್ದಕ್ಕೆ ಅಳುತ್ತಿದ್ದ ಮಕ್ಕಳೆಲ್ಲ ಬೆಚ್ಚಿ ಬಾಯಿ ಮುಚ್ಚಿದರು. ಸಂತೋಷಕ್ಕೆ ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಮುದುಕ ಬಾಗಿದಲ್ಲಿಂದಲೇ ಕೈಚಾಚಿ, ತನ್ನ ಅಂಗಿಯ ತೋಳಿನಿಂದ ಅವಳ ಕೆನ್ನೆ ಒರೆಸಿದ.