ಡ್ರೈವರಿಗೆ ಮೊದಲ ಚಾ

ಅಬುಧಾಬಿಯ ಡ್ರೈವಿಂಗ್ ಟೆಸ್ಟಿನಲ್ಲಿ ಎಷ್ಟು ಸಲ ಫೇಲಾದೆ ಎಂದು ಯಾರೂ ಕೇಳಬಾರದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ. ಕೊನೆಗೂ ಲೈಸೆನ್ಸ್ ಸಿಕ್ಕಿದಾಗ ಗಂಡ ಊರಿಗೆಲ್ಲ ಮಿಠಾಯಿ ಹಂಚಿದರು, ಕಾರಿನ ಕೀಲಿ ಮಾತ್ರ ಕೊಡಲಿಲ್ಲ. ಬೇರೆಯವರು ಓಡಿಸುವ ಗಾಡಿಯೆಂದರೆ ಅವರಿಗೆ ನಂಬಿಕೆಯಿಲ್ಲ. ಬೆಂಗಳೂರಿನಿಂದ ಉಡುಪಿಗೆ ಹೋಗುವ ರಾತ್ರಿ ಬಸ್ಸಿನಲ್ಲೂ ಮುಂದಿನ ಸೀಟು ಹಿಡಿದು, ಬೆಳಗಿನವರೆಗೆ ಕಣ್ಣು ಮುಚ್ಚದೆ ರಸ್ತೆ ಕಾಯುವ ಮನುಷ್ಯ.

ಈ ಚಳಿಗಾಲದಲ್ಲಿ ಕ್ರಿಕೆಟ್ ಆಡಲು ಹೋಗಿ ಬಲಗೈ ಮುರಿದುಕೊಂಡರು. ಊರಿಂದ ಬಂದಿದ್ದ ಅತ್ತೆಯ ವಿಸಿಟ್ ವೀಸಾ ಮುಗಿಯುತ್ತ ಬಂದಿತ್ತು. ಮಾಲ್‌ಗಳನ್ನು ಬಿಟ್ಟು ಅವರು ಬೇರೇನೂ ನೋಡಿರಲಿಲ್ಲ. ಅಲ್ ವತ್ಬಾದಲ್ಲಿರುವ ಕಲ್ಲಾದ ಮರಳುದಿಬ್ಬಗಳನ್ನು ತೋರಿಸಲೇಬೇಕೆಂದು ನಾನು ಹಟ ಹಿಡಿದೆ.

"ಟ್ಯಾಕ್ಸಿ ಮಾಡುವಾ," ಎಂದರು ಇವರು.

"ಟ್ಯಾಕ್ಸಿ ಎಂತಕ್ಕೆ? ಇವಳಿಗೆ ಲೈಸೆನ್ಸ್ ಉಂಟಲ್ಲ," ಎಂದರು ಅತ್ತೆ. ಅಲ್ಲಿಗೆ ಖಲಾಸ್.

ಖಲೀಫಾ ಸಿಟಿ ದಾಟಿ ಹೆದ್ದಾರಿಗೆ ಬಂದದ್ದೇ, ಪಕ್ಕದಲ್ಲೆಲ್ಲ ಟ್ರಕ್ಕುಗಳು. ಪಕ್ಕದ ಸೀಟಿನಲ್ಲಿ ಇವರು, ಇಲ್ಲದ ಬ್ರೇಕನ್ನು ಕಾಲಡಿಯಲ್ಲಿ ಒತ್ತುತ್ತಲೇ ಇದ್ದರು.

"ನಿಧಾನ ಮಾರಾಯ್ತಿ, ನಿಧಾನ!"

"ಇನ್ನೊಂದು ಸಲ ಹೇಳಿದ್ರೆ ಇಲ್ಲೇ ಇಳಿಸಿ ಹೋಗ್ತೇನೆ ನೋಡಿ," ಎಂದೆ.

ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕುಳಿತಿದ್ದ ಮಗಳು "ಗೋ ಮಮ್ಮಿ!" ಎಂದು ಚಪ್ಪಾಳೆ ತಟ್ಟಿದಳು. ಇವತ್ತು ಎಡವಿದರೆ ಕೀಲಿ ಇನ್ನು ಜನ್ಮದಲ್ಲಿ ಸಿಕ್ಕುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಲ್ ವತ್ಬಾದಲ್ಲಿ ಇಳಿದದ್ದೇ, ಕಾರಿಗೆ ಗೀರು ಬಿದ್ದಿಲ್ಲವೆಂದು ಸುತ್ತ ನೋಡಿ ಖಾತ್ರಿ ಮಾಡಿಕೊಂಡ ಮೇಲಷ್ಟೇ ದಿಬ್ಬಗಳು ನನ್ನ ಕಣ್ಣಿಗೆ ಬಿದ್ದವು. ಯಾವಾಗಲೋ ಒದ್ದೆಯಾಗಿ ಗಟ್ಟಿಯಾದ ಮರಳು. ಮೆತ್ತಗಿದ್ದುದನ್ನೆಲ್ಲ ಗಾಳಿ ಹೊತ್ತೊಯ್ದು, ಉಳಿದದ್ದನ್ನು ಪದರ ಪದರವಾಗಿ ಕೆತ್ತಿ ನಿಲ್ಲಿಸಿದೆ. "ಕಡಲ ಬದಿಯ ಮರಳಲ್ಲಿ ಗೆರೆ ಬೀಳ್ತದಲ್ಲ, ಹಾಗೇ ಉಂಟು," ಎಂದು ಅತ್ತೆ ಬಗ್ಗಿ ನೋಡಿದರು. ಸಂಜೆಯ ಬಿಸಿಲಿಗೆ ಕಲ್ಲುಗಳು ಬೆಲ್ಲದ ಬಣ್ಣಕ್ಕೆ ತಿರುಗಿದವು. ಜೀವ ಉಳಿಸಿಕೊಂಡು ಬಂದ ಖುಷಿಗೋ ಏನೋ, ಈ ದೇಶದಲ್ಲಿ ಅಷ್ಟು ಚಂದದ್ದನ್ನು ನಾನು ನೋಡಿರಲಿಲ್ಲ.

ಬೆಂಚಿನ ಮೇಲೆ ಕುಳಿತು ಫ್ಲಾಸ್ಕ್ ತೆರೆದೆ. ಅಭ್ಯಾಸದಂತೆ ಮೊದಲ ಲೋಟವನ್ನು ಇವರಿಗೆ ಕೊಟ್ಟಾಗ ಅತ್ತೆ ತಡೆದರು.

"ಮೊದಲು ಡ್ರೈವರಿಗೆ ಕೊಡ್ಬೇಕು."

ಊರಲ್ಲಿ ಬಾಡಿಗೆ ವ್ಯಾನಿನಲ್ಲಿ ಎಲ್ಲಿಗೆ ಹೊರಟರೂ ನಮ್ಮ ಮನೆಯ ಕ್ರಮ ಅದೇ. ಡ್ರೈವರ್ ಚಾ ಕುಡಿದ ಮೇಲೆಯೇ ಉಳಿದವರು. ಇವರು ಎಡಗೈಯಲ್ಲಿ ಲೋಟವನ್ನು ನನ್ನತ್ತ ಚಾಚಿದರು. ಮದುವೆಯಾದಂದಿನಿಂದ ಎಲ್ಲರದ್ದೂ ಆದ ಮೇಲೆ ಕುಡಿಯುತ್ತಿದ್ದವಳು ನಾನು. ಚಾಕ್ಕೆ ಸಕ್ಕರೆ ಹೆಚ್ಚಾಗಿತ್ತು. ಒಂದು ತೊಟ್ಟೂ ಬಿಡದೆ ಕುಡಿದು, ಅತ್ತೆಗೆ ಮನಸ್ಸಿನಲ್ಲೇ ಕೈಮುಗಿದೆ.

ಹಿಂದಿರುಗುವಾಗ ಕತ್ತಲಾಗಿತ್ತು, ಟ್ರಕ್ಕುಗಳು ಇನ್ನೂ ಹೆಚ್ಚಿದ್ದವು. ಪಕ್ಕದಿಂದ ಮಾತಿಲ್ಲ, ಬ್ರೇಕ್ ಒತ್ತುವ ಕಾಲೂ ಸುಮ್ಮನಿತ್ತು. ಮುನಿಸಿಕೊಂಡರೇನೋ ಎಂದು ಓರೆಗಣ್ಣಲ್ಲಿ ನೋಡಿದೆ. ಕುತ್ತಿಗೆ ವಾಲಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದರು.

"ಏಳಿಸ್ಬೇಡ," ಎಂದು ಅತ್ತೆ ಪಿಸುಗುಟ್ಟಿದರು.

ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೂ ನಾನು ಇಂಜಿನ್ ಆಫ್ ಮಾಡಲಿಲ್ಲ. ಆಫ್ ಮಾಡಿದರೆ ಅವರಿಗೆ ಎಚ್ಚರವಾಗುತ್ತಿತ್ತು.