ಸ್ಟೀಲ್ ಹಾಕು ಅಂದವನು

ನಾನು ಬೋರ್‌ವೆಲ್ ಮೋಟಾರು ವೈಂಡಿಂಗ್ ಮಾಡುವವನು. ಚಿತ್ರದುರ್ಗದಲ್ಲಿ ಒಂದು ಸಣ್ಣ ಅಂಗಡಿ ಇದೆ. ಸುಟ್ಟ ಮೋಟಾರು ತಂದು ಇಳಿಸಿದರೆ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತೇನೆ. ತಂತಿಯ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಅಂತ ಒಳಗೊಳಗೇ ಒಂದು ಕೊಬ್ಬಿತ್ತು. ಹಾಕಿದರು. ಹಾಕಿದವನು ಹದಿನೆಂಟು ವರ್ಷ ಒಂದೇ ಸ್ಟೇಜಿನ ಮೇಲೆ ನನ್ನ ಪಕ್ಕದಲ್ಲಿ ನಿಂತವನು.

ಅವನು ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವನು. ಹೈಸ್ಕೂಲಿನಿಂದ ಜೊತೆ. ಮದುವೆ, ಗಣಪತಿ, ರಾಜ್ಯೋತ್ಸವ ಅಂತ ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ ಸುತ್ತಿದ್ದೇವೆ. ಬಾಗೂರಿನಲ್ಲಿ ಒಮ್ಮೆ ಟ್ರ್ಯಾಕ್ಟರಿನ ಟ್ರೈಲರನ್ನೇ ಸ್ಟೇಜು ಮಾಡಿಕೊಂಡು ನುಡಿಸಿದ್ದೇವೆ. ನನ್ನದು ಬೇಸ್ ಗಿಟಾರ್. ನಾಲ್ಕೇ ತಂತಿ, ದಪ್ಪನೆಯವು. ಹಾಡಿನ ಅಡಿಯಲ್ಲಿ ದುಂ ದುಂ ಅಂತ ಓಡುವ ಸದ್ದು ಅದರದ್ದು. ಯಾರೂ ಅದಕ್ಕೆ ಚಪ್ಪಾಳೆ ತಟ್ಟುವುದಿಲ್ಲ, ಆದರೆ ಅದಿಲ್ಲದಿದ್ದರೆ ಹಾಡು ಸಪ್ಪೆ. ಹಾಗಂತ ನಂಬಿಕೊಂಡೇ ಬದುಕಿದ್ದೆ. ದಿನವೆಲ್ಲ ಸುಟ್ಟ ವಾರ್ನಿಷ್ ವಾಸನೆ ಕುಡಿಯುವವನಿಗೆ ವಾರಕ್ಕೊಮ್ಮೆ ಆ ಸ್ಟೇಜು ಬೇಕಿತ್ತು. ನನ್ನ ಸದ್ದು ನಾಲ್ಕು ಜನರ ಎದೆಗೆ ತಾಗಬೇಕು, ಅಷ್ಟೇ ನನ್ನ ಆಸೆ.

ಹೋದ ಯುಗಾದಿಗೆ ಹೊಳಲ್ಕೆರೆಯಲ್ಲಿ ಪ್ರೋಗ್ರಾಮು. ನನಗೆ ಬೇರೆ ಸ್ಪೀಕರು ಇರುವುದಿಲ್ಲ. ಗಿಟಾರಿನ ವೈರು ನೇರವಾಗಿ ನಮ್ಮ ಖಾಯಂ ಮೈಕ್ ಸೆಟ್‌ನವನ ಮಿಕ್ಸರಿಗೆ ಹೋಗುತ್ತದೆ, ಅಲ್ಲಿಂದ ಎಲ್ಲರ ಸದ್ದೂ ಸೇರಿ ನಮ್ಮ ಮುಂದಿಟ್ಟ ಸ್ಪೀಕರಿಗೆ ಬರುತ್ತದೆ. ಅವತ್ತು ಏನೋ ಹೊಂದುತ್ತಿರಲಿಲ್ಲ. ಬೆರಳು ಹೇಳಿದ್ದೊಂದು, ಸ್ಪೀಕರು ಹೇಳಿದ್ದೊಂದು. ಇಳಿದ ಮೇಲೆ ಅವನನ್ನೇ ಕೇಳಿದೆ.

"ಏನಲೇ, ನನ್ ಸದ್ದು ಬ್ಯಾರೆ ಥರ ಬರ್ತೈತಲ್ಲ?"

"ತಂತಿ ಸತ್ತೋಗ್ಯವೆ ಕಣಲೇ. ಎಷ್ಟು ದಿನ ಆತು ಹಾಕಿ? ಬದಲಾಯಿಸು," ಅಂದ. ಕೀಬೋರ್ಡಿಗೆ ಬಟ್ಟೆ ಹೊದಿಸುತ್ತ, ನನ್ನ ಮುಖ ನೋಡದೆ ಅಂದ. ಆ ನೋಡದಿದ್ದುದು ಈಗ ನೆನಪಾಗುತ್ತದೆ. ಆಗ ನನಗೆ ತಂತಿಯದ್ದೇ ಧ್ಯಾನ.

ಸತ್ತ ತಂತಿಯನ್ನು ಕುದಿಸಿದರೆ ಜೀವ ಬರುತ್ತದೆ ಅಂತ ಬೇಸ್ ನುಡಿಸುವವರಲ್ಲಿ ಒಂದು ಮಾತಿದೆ. ಸುರುಳಿಯೊಳಗೆ ಕೂತ ಬೆವರು, ಕೊಳೆ ಬಿಟ್ಟುಕೊಳ್ಳುತ್ತದೆ. ಬಿಚ್ಚಿ ನೀರಿಗೆ ಹಾಕಿ ಒಲೆಯ ಮೇಲಿಟ್ಟೆ. ಹೆಂಡತಿ ಬಂದು ನೋಡಿದಳು.

"ಅಯ್ಯೋ, ಮುದ್ದೆ ಪಾತ್ರೆಯಾಗೆ ತಂತಿ ಬೇಯಿಸ್ತಿದೀರಲ್ರಿ! ಇದಕ್ಕೆ ಯಾವ ಸಾರು ಮಾಡ್ಲಿ?"

ಮುಂದಿನ ಪ್ರೋಗ್ರಾಮಿನಲ್ಲಿ ಬೆಂದ ತಂತಿಯೂ ಸರಿಹೋಗಲಿಲ್ಲ. ಹೊಸದೇ ಬೇಕು. ದುರ್ಗದ ಹಾರ್ಮೋನಿಯಂ ಅಂಗಡಿಯವನು, "ಬೇಸಿಂದು ಇಲ್ಲ ಸಾರ್. ಗಿಟಾರ್ ತಂತಿ ಆರು ಐತೆ, ಅದ್ರಾಗೆ ನಾಕು ಹಾಕ್ಕಳ್ರಿ," ಅಂದ. ನಗಬೇಕೋ ಅಳಬೇಕೋ! ಕೊನೆಗೆ ಫೋನಿನಲ್ಲೇ ಹುಡುಕಿದೆ. ಅಲ್ಲಿ ಎರಡು ಜಾತಿ: ನಿಕಲ್ ಮತ್ತು ಸ್ಟೇನ್‌ಲೆಸ್ ಸ್ಟೀಲ್. ಎರಡಕ್ಕೂ ಒಳಗಿನ ನಡುತಂತಿ ಉಕ್ಕಿನದೇ, ವ್ಯತ್ಯಾಸ ಮೇಲೆ ಸುತ್ತಿದ ತಂತಿಯದ್ದು. ನಿಕಲ್ ಬೆರಳಿಗೆ ನುಣುಪು, ಸದ್ದು ದುಂಡಗೆ, ಆದರೆ ಬೆವರು ಬಿದ್ದರೆ ಬೇಗ ಮಂಕಾಗುತ್ತದೆ. ಸ್ಟೀಲ್ ಬೆವರಿಗೆ ಜಗ್ಗುವುದಿಲ್ಲ, ಸದ್ದು ಖಣಖಣ, ಆದರೆ ಅರದಂತೆ ಬೆರಳು ಉಜ್ಜುತ್ತದೆ, ಗಿಟಾರಿನ ಕತ್ತಿನ ಮೇಲಿನ ಪಟ್ಟಿಗಳನ್ನೂ ಸವೆಸುತ್ತದೆ. ಸುತ್ತುವ ಕೆಲಸವೇ ನನ್ನದಾದ್ದರಿಂದ ಹುಚ್ಚು ಹಿಡಿಯಿತು. ಎರಡನ್ನೂ ತರಿಸಿದೆ. ಗೇಜಿನಲ್ಲಿ ಅಳೆದೆ, ಅಯಸ್ಕಾಂತ ಹಿಡಿದು ನೋಡಿದೆ, ಗಿಟಾರಿನ ಮರಕ್ಕೆ ಗದ್ದ ಊರಿ ಕೇಳಿದೆ. ಹತ್ತು ದಿನ ನಿಕಲ್ಲೋ ಸ್ಟೀಲೋ ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಅವನಿಗೆ ಫೋನು ಮಾಡಿದೆ. ಬೇರೆ ಯಾರಿಗೆ ಮಾಡಲಿ? ಹದಿನೆಂಟು ವರ್ಷ ನನ್ನನ್ನು ಕೇಳಿದ ಕಿವಿ ಅದೊಂದೇ.

"ಸ್ಟೀಲ್ ಹಾಕು," ಅಂದ. ಒಂದು ಕ್ಷಣವೂ ಯೋಚಿಸಲಿಲ್ಲ.

ಹಾಕಿದೆ. ಹಿರಿಯೂರಿನ ಬಿಸಿಲಿನಲ್ಲಿ, ಒಂದು ಗೃಹಪ್ರವೇಶದ ಶಾಮಿಯಾನದ ಕೆಳಗೆ, ಮೊದಲ ಬಾರಿ ಸ್ಟೀಲ್ ತಂತಿಯಲ್ಲಿ ನುಡಿಸಿದೆ. ಎರಡನೇ ಹಾಡಿಗೇ ಅವನು ನನ್ನತ್ತ ಹೆಬ್ಬೆರಳೆತ್ತಿ ತೋರಿಸಿದ. ಆಮೇಲೆ ಹೆಗಲ ಮೇಲೆ ಕೈ ಹಾಕಿ, "ಈಗ ನೋಡಪ್ಪ! ಬೇಸ್ ಅಂದ್ರೆ ಇದು!" ಅಂದ. ನನಗೂ ಹಾಗೇ ಕೇಳಿಸಿತ್ತು, ಸುಳ್ಳು ಹೇಳುವುದಿಲ್ಲ. ಖಣ್ ಅಂತ, ಸ್ಪಷ್ಟವಾಗಿ, ತಾಳಕ್ಕೆ ಅಂಟಿಕೊಂಡಂತೆ. ಮನೆಗೆ ಬಂದು ಹೆಂಡತಿಯ ಮುಂದೆ ಸ್ಟೀಲಿನ ಗುಣಗಾನವೇ ಗುಣಗಾನ.

ಬೆರಳು ಮಾತ್ರ ಹಾಳಾಗತೊಡಗಿತು. ತೋರುಬೆರಳಿನಲ್ಲಿ ಬೊಬ್ಬೆ, ಅದರ ಮೇಲೊಂದು ಬೊಬ್ಬೆ. ವೈಂಡಿಂಗಿನ ಎಳೆ ಹಿಡಿಯುವುದೇ ಕಷ್ಟವಾಯಿತು. ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚುತ್ತ ಬೈದಳು, "ಆ ನುಣುಪಂದು ಹಾಕ್ಕಂಡ್ರೆ ಏನು ಗಂಟು ಹೋಗ್ತೈತ್ರಿ ನಿಮ್ದು?" ನಾನು ಕೇಳಲಿಲ್ಲ. ಹೋದರೆ ಚರ್ಮ ಹೋಗಲಿ, ಸದ್ದು ಬರುತ್ತಿದೆಯಲ್ಲ!

ಆಷಾಢಕ್ಕೆ ಮುಂಚೆ ಹೊಸದುರ್ಗದಲ್ಲೊಂದು ಮದುವೆ. ಧಾರೆ ಮುಗಿದು ಊಟದ ಹೊತ್ತು, ನಮ್ಮದು ಊಟಕ್ಕೆ ಹಿಮ್ಮೇಳ. ಮುಂದಿನ ಸಾಲಿನಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಿದ್ದ ಯಜಮಾನರೊಬ್ಬರು ಕುರ್ಚಿಯ ಕೈ ತಟ್ಟುತ್ತ ತಾಳ ಹಾಕುತ್ತಿದ್ದರು. ಜೋರು ಹಾಡು. ನಡುವೆ ನನ್ನ ಬೊಬ್ಬೆ ಒಡೆಯಿತು. ಪ್ರಾಣ ಹೋದಂತಾಗಿ ಕೈ ಎತ್ತಿ ಬೆರಳು ಬಾಯಿಗಿಟ್ಟುಕೊಂಡೆ.

ದುಂ ದುಂ ನಿಲ್ಲಲಿಲ್ಲ.

ಮಂಟಪದ ಗೋಡೆಗೆ ಬಡಿದು ಬರುತ್ತಿರಬಹುದು ಅಂದುಕೊಂಡೆ. ಎಡಗೈಯನ್ನೂ ತೆಗೆದೆ. ಗಿಟಾರು ಕುತ್ತಿಗೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು, ಬೇಸ್ ಖಣಖಣ ಅಂತ ಓಡುತ್ತಲೇ ಇತ್ತು. ಯಜಮಾನರ ತಾಳವೂ ತಪ್ಪಲಿಲ್ಲ. ಪಕ್ಕಕ್ಕೆ ತಿರುಗಿದೆ. ಅವನ ಬಲಗೈ ಹಾಡು ನುಡಿಸುತ್ತಿತ್ತು, ಎಡಗೈ ಕೀಬೋರ್ಡಿನ ಎಡತುದಿಯಲ್ಲಿ ನನ್ನ ಬೇಸ್ ನುಡಿಸುತ್ತಿತ್ತು. ಅವನು ನನ್ನ ಬರಿಗೈ ನೋಡಿದ. ಕಣ್ಣು ತಗ್ಗಿಸಿದ. ಎಡಗೈ ಮಾತ್ರ ನಿಲ್ಲಿಸಲಿಲ್ಲ.

ಆಗಲೇ ಇಳಿದು ಹೋಗಬೇಕಿತ್ತು. ಹೋಗಲಿಲ್ಲ. ಹೆಣ್ಣಿನ ಕಡೆಯವರು ನೋಡುತ್ತಿದ್ದಾರೆ ಅಂತ ಉಳಿದ ಮೂರು ಹಾಡಿಗೂ ರಕ್ತದ ಬೆರಳನ್ನು ತಂತಿಯ ಮೇಲೆ ಆಡಿಸುತ್ತ ನಿಂತೆ. ಅವನ ಮೋಸಕ್ಕಿಂತ ಆ ಮೂರು ಹಾಡು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಥೂ!

ಇಳಿದವನೇ ಮೈಕ್ ಸೆಟ್‌ನವನ ಹತ್ತಿರ ಹೋದೆ. "ನನ್ ಲೈನು ಬಂದ್ ಐತಾ?"

ಅವನು ಮಿಕ್ಸರಿನ ವೈರು ಬಿಚ್ಚತೊಡಗಿದ. "ನನ್ನ ಕೇಳ್ಬ್ಯಾಡ್ರಿ ಅಣ್ಣಾ. ಕೀಬೋರ್ಡ್ ಅಣ್ಣ ಬಂದ್ ಮಾಡು ಅಂದ್ರು, ಮಾಡಿದೆ."

"ಯಾವಾಗಿಂದ?"

"ಯುಗಾದಿ ಪ್ರೋಗ್ರಾಮಿಂದ."

ಯುಗಾದಿ! ಸ್ಟೀಲ್ ತಂತಿ ಬಂದದ್ದು ಅದಾದ ಮೇಲೆ. ಅಂದರೆ ನನ್ನ ಸ್ಟೀಲ್ ತಂತಿಯ ಸದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಒಂದು ದಿನವೂ ಕೇಳಿಲ್ಲ. ಮರಕ್ಕೆ ಗದ್ದ ಊರಿ ಕೇಳಿದ್ದು ಬಿಟ್ಟರೆ ನಾನೂ ಕೇಳಿಲ್ಲ. ಮನೆಯಲ್ಲಿ ಕೂತು ಹೊಗಳಿದ್ದೆಲ್ಲ ಅವನ ಎಡಗೈಯನ್ನು.

ಅವನು ಕೈ ತೊಳೆಯುವ ನಲ್ಲಿಗಳ ಹತ್ತಿರ ಸಿಕ್ಕ. ಜನ ಬಾಳೆ ಎಲೆಗೆ ನುಗ್ಗುತ್ತಿದ್ದರು.

"ಯಾಕಲೇ ಹಿಂಗ್ ಮಾಡ್ದೆ?"

"ನಿನ್ ಕೈ ಹಿಂದೆ ಬೀಳ್ತಿತ್ತು ಕಣಲೇ," ಅಂದ. "ತಾಳದ ಪ್ಯಾಡು ಒಂದ್ಕಡೆ, ನೀನೊಂದ್ಕಡೆ. ಹೆಂಗ್ ಹೇಳ್ಲಿ? ಹೇಳಿದ್ರೆ ಬ್ಯಾಸರ ಮಾಡ್ಕಂಡು ಬರೋದೇ ಬಿಡ್ತಿದ್ದೆ. ನೀನಿಲ್ದಿದ್ರೆ ಸ್ಟೇಜು ಬಣಗುಡ್ತೈತೆ."

"ಮತ್ತೆ ಸ್ಟೀಲ್ ಹಾಕು ಅಂತ ಯಾಕಂದೆ?"

ಅವನು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ. "ನೀನು ಕೇಳ್ದೆ. ಏನೋ ಒಂದು ಹೇಳ್ದೆ ಬಿಡು."

ಏನೋ ಒಂದು! ಹತ್ತು ದಿನದ ನನ್ನ ನಿದ್ದೆಗೆ, ಬೆರಳ ಚರ್ಮಕ್ಕೆ ಅವನು ಕೊಟ್ಟ ಉತ್ತರ ಅದು. ನಂಬಿದವನನ್ನು ಮಂಗ ಮಾಡುವುದು ಅಂದರೆ ಇದೇ. ಊಟ ಮಾಡದೆ ಹೊಸದುರ್ಗದ ಬಸ್ ಸ್ಟ್ಯಾಂಡಿಗೆ ನಡೆದೆ. ಗಿಟಾರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ದುರ್ಗದವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದೆ.

ಒಂದು ವಾರ ಗಿಟಾರು ಮುಟ್ಟಲಿಲ್ಲ. ಆಮೇಲೆ, ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಆಂಪ್ಲಿಫೈಯರೊಂದನ್ನು ರಿಪೇರಿ ಮಾಡಿ ವೈರು ಸಿಕ್ಕಿಸಿದೆ. ಸ್ಟೀಲ್ ತಂತಿ ಮೊದಲ ಸಲ ಸ್ಪೀಕರಿನಲ್ಲಿ ಮಾತಾಡಿತು. ಅಬ್ಬಾ, ಎಷ್ಟು ಸ್ಪಷ್ಟ! ಬೆರಳು ಉಜ್ಜಿದ್ದೂ ಕೇಳುತ್ತದೆ. ಫೋನಿನಲ್ಲಿ ಟಿಕ್ ಟಿಕ್ ತಾಳ ಹಾಕಿಕೊಂಡು ನುಡಿಸಿದೆ. ಆಗ ಇನ್ನೊಂದೂ ಸ್ಪಷ್ಟವಾಗಿ ಕೇಳಿಸಿತು. ಪ್ರತಿ ಟಿಕ್‌ಗೂ ನಾನು ಕೂದಲೆಳೆಯಷ್ಟು ಹಿಂದೆ. ನಿಕಲ್ ಹಾಕಿ ನೋಡಿದೆ. ಅದರ ದುಂಡು ಸದ್ದಿನಲ್ಲಿ ತಪ್ಪು ಅಷ್ಟಾಗಿ ಕಾಣುವುದಿಲ್ಲ, ಆದರೆ ಇದೆ. ಅವನು ಹೇಳಿದ್ದು ನಿಜ. ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು. ಯುಗಾದಿಯಂದೇ ಮುಖಕ್ಕೆ ಹೊಡೆದಂತೆ ಹೇಳಿದ್ದರೆ ಜಗಳ ಆಡುತ್ತಿದ್ದೆ, ನಾಲ್ಕು ದಿನ ಮಾತು ಬಿಡುತ್ತಿದ್ದೆ, ಆಮೇಲೆ ತಿದ್ದಿಕೊಳ್ಳುತ್ತಿದ್ದೆ.

ಮತ್ತೆ ಸ್ಟೀಲನ್ನೇ ಹಾಕಿದೆ. ತಪ್ಪು ತೋರಿಸುವ ತಂತಿಯೇ ಬೇಕಿತ್ತು. ಒಂದು ತಿಂಗಳು, ದಿನಾ ಬೆಳಿಗ್ಗೆ ಶಟರು ಅರ್ಧ ಎತ್ತಿಕೊಂಡು, ಟಿಕ್ ಟಿಕ್ ಜೊತೆ ನುಡಿಸಿದೆ. ಬೊಬ್ಬೆಯ ಚರ್ಮ ಗಟ್ಟಿಯಾಯಿತು. ಕೂದಲೆಳೆಯ ಅಂತರ ಕಮ್ಮಿಯಾಗುತ್ತ ಬಂತು. ಪಕ್ಕದ ಗ್ಯಾರೇಜಿನವನು ಇಣುಕಿ, "ಏನಣ್ಣಾ, ಮಸ್ತ್ ಐತೆ!" ಅಂದ.

ಶ್ರಾವಣದಲ್ಲಿ ಕೀಬೋರ್ಡಿನವನ ಫೋನು ಬಂತು.

"ಭಾನುವಾರ ಹಿರಿಯೂರಾಗೆ ಪ್ರೋಗ್ರಾಮ್ ಐತೆ. ಹಳೇದೆಲ್ಲ ಬಿಟ್ಹಾಕು, ಹೋಗಾಣ ಬಾರಲೇ. ನಿನ್ ಲೈನು ಆನ್ ಮಾಡಿಸ್ತೀನಿ, ದೇವರಾಣೆ."

ಹೋಗಬೇಕು ಅನಿಸಿತು, ಸುಳ್ಳೇಕೆ. ಬಾಯಿ ತುದಿಗೆ ಹೂಂ ಬಂದಿತ್ತು. ಆದರೂ ಒಂದು ಮಾತು ಕೇಳಿದೆ.

"ಯಾವ ತಂತಿ ಹಾಕ್ಕಂಡು ಬರ್ಲಿ? ನಿಕಲ್ಲೋ ಸ್ಟೀಲೋ?"

ಅವನು ನಕ್ಕ. ಹದಿನೆಂಟು ವರ್ಷ ಕೇಳಿದ ಅದೇ ನಗು.

"ಅಯ್ಯ, ಯಾವ್ದಾದ್ರೂ ಹಾಕ್ಕಂಡು ಬಾರಲೇ. ಅದ್ರಾಗೇನೈತೆ?"

ಫೋನು ಇಟ್ಟೆ. ಭಾನುವಾರ ಹಿರಿಯೂರಿನ ಬಸ್ಸು ಹತ್ತಲಿಲ್ಲ, ಅಂಗಡಿ ತೆಗೆದೆ.