ಮೀನು ಕಾಯ್ತಿದೆ, ವಿಐ ತೆಗಿ

ಬೆಳಕು ಹರಿಯುತ್ತಿದೆ. ತೈವಾನಿನ ಈ ಪುಟ್ಟ ಬಂದರಿನಲ್ಲಿ ಬಂಗುಡೆ ಬುಟ್ಟಿಗಳೆಲ್ಲ ಸಾಲಾಗಿ ಸಿದ್ಧವಾಗಿವೆ. ಹರಾಜಿನ ತೂಕ, ದರ ಬರೆದುಕೊಳ್ಳುವ ಯೂನಿಕ್ಸ್ ಕಂಪ್ಯೂಟರ್ ಯಂತ್ರ ಮಾತ್ರ ಎದ್ದಿಲ್ಲ. ಅದರ ಮುಂದೆ ರಬ್ಬರ್ ಬೂಟು ತೊಟ್ಟ ಕ್ಯೋ ಯೀ-ಚುನ್ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಾರೆ. ಬಿಟ್ಟರೆ ಬೆರಳುಗಳು ತಾವಾಗಿಯೇ ಕೀಲಿಮಣೆಗೆ ಓಡಿಬಿಡುತ್ತವೆ. ಕೀಲಿಮಣೆಯ ಮುಂದೆ ಕೂತಿರುವವನು ಸಹೋದ್ಯೋಗಿ ಫಾಂಗ್ ಪೋ-ಹಾನ್, ಇಬ್ಬರು ಮಕ್ಕಳ ತಂದೆ, ಬೆವರಿನ ಮುದ್ದೆ.

"ಇವತ್ತು ಇವ್ನೇ ಸರಿಮಾಡ್ಬೇಕು. ಇಲ್ಲಾಂದ್ರೆ ನಾಳೆ ನಾನು ಸಮಾಧಿ ಗುಡಿಸೋಕೆ ಹೋದ ಹಾಗೇ" ಎನ್ನುತ್ತಾರೆ ಯೀ-ಚುನ್. ನಾಳೆ ಚಿಂಗ್‌ಮಿಂಗ್, ಹಿರಿಯರ ಸಮಾಧಿ ಗುಡಿಸಿ ಹುಲ್ಲು ತೆಗೆಯುವ ದಿನ. ಮೀನುಗಾರರ ಸಂಘದ ಯಂತ್ರಗಳನ್ನು ಸಾಕಲು ಶುರುಮಾಡಿದಾಗಿನಿಂದ ಅವರು ಒಂದು ಚಿಂಗ್‌ಮಿಂಗನ್ನೂ ನೆಮ್ಮದಿಯಿಂದ ಮುಗಿಸಿಲ್ಲ. "ಹೋದ್ವರ್ಷ ಫೋನ್ ಬಂತು, ಸಮಾಧಿ ಮೇಲಿನ ಹುಲ್ಲು ಅರ್ಧ ಕೊಯ್ದು ಬೆಟ್ಟ ಇಳ್ದೆ. ಅಪ್ಪಂಗೆ ಅರ್ಧ ಕ್ಷೌರ!"

ಈ ಸಲದ ಕಂಟಕ ನಿನ್ನೆಯದು. ಡಿಸ್ಕುಗಳ ವಿವರವಿರುವ ಫೈಲನ್ನು ಪೋ-ಹಾನ್ ತನ್ನ ಮೆಚ್ಚಿನ ಬಣ್ಣಬಣ್ಣದ ಎಡಿಟರ್ ತಂತ್ರಾಂಶದಲ್ಲಿ ತಿದ್ದಿದ್ದ. ಅದು ಉದ್ದದ ಸಾಲು ಕಂಡು ಕನಿಕರಪಟ್ಟು ಎರಡಾಗಿ ಮುರಿದಿತ್ತು. ಪತ್ರಿಕೆಯ ಸಂಪಾದಕ ಸಾಲು ಮುರಿದರೆ ಲೇಖಕನಷ್ಟೇ ಮುನಿಯುತ್ತಾನೆ. ಇಲ್ಲಿ ಯಂತ್ರವೇ ಮುನಿದು ದುರಸ್ತಿಯ ಕಪ್ಪು ಪರದೆಯಲ್ಲಿ ಕೂತಿದೆ. ಬಣ್ಣದ ಎಡಿಟರ್ ಇರುವುದು ಇನ್ನೂ ತೆರೆಯದ ಡಿಸ್ಕಿನಲ್ಲಿ. ಬೀಗದ ಕೈ ಪೆಟ್ಟಿಗೆಯೊಳಗೇ! ಹೊರಗುಳಿದಿರುವುದು ಬಣ್ಣವಿಲ್ಲದ ಹಳೆಯ ಎಡಿಟರ್ ವಿಐ ಒಂದೇ.

"ಹಸಿರು ಪೊಟ್ಟಣ ಇಟ್ಟಿದ್ನಲ್ಲಕ್ಕಾ" ಎಂದು ಗೋಗರೆಯುತ್ತಾನೆ ಪೋ-ಹಾನ್. ಯಂತ್ರ ತಂಟೆ ಮಾಡದಿರಲೆಂದು ಅದರ ನೆತ್ತಿಯ ಮೇಲೆ ಹಸಿರು ಪೊಟ್ಟಣದ ಮೆಕ್ಕೆಜೋಳದ ಕುರುಕಲು ಇಡುವುದು ಇಲ್ಲಿನವರ ಪದ್ಧತಿ.

"ಪೊಟ್ಟಣ ಬಂದು ಫೈಲು ತಿದ್ದುತ್ತೇನೋ? ವಿಐ ತೆಗಿ."

"ಅದ್ರಲ್ಲಿ ಒಳಗೆ ಹೋದ್ರೆ ಹೊರಗೆ ಬರೋಕಾಗಲ್ಲ."

"ನಿಂಗ್ಯಾರು ಅಲ್ಲೇ ಸಂಸಾರ ಮಾಡು ಅಂದ್ರು? ಹೋಗು, ಸಾಲು ಸೇರ್ಸು, ಬಾ."

ಎಡಿಟರ್ ಆಯ್ಕೆಯ ಬಗ್ಗೆ ಕಚೇರಿಯ ಜಗಳ ಕೇಳಿ ಕೇಳಿ ಯೀ-ಚುನ್ ಅವರ ಕಿವಿ ಕಲ್ಲಾಗಿದೆ. "ದಿನಾ ಯಾವ್ದ್ರಲ್ಲಾದ್ರೂ ಬರ್ಕೊಳ್ಳಿ. ಮನೇಲಿ ರೇಷ್ಮೆ ಚಪ್ಪಲಿ ಹಾಕೊಂಡು ಮೆರೀರಿ, ಬೇಡ ಅಂದೋರ್ಯಾರು? ಭೂಕಂಪ ಆದಾಗ ಬಾಗ್ಲ ಹತ್ರ ಯಾವ ಚಪ್ಪಲಿ ಇದ್ಯೋ ಅದ್ರಲ್ಲಿ ಓಡೋಕೆ ಬರ್ಬೇಕು, ಅಷ್ಟೆ!"

ಹರಾಜು ಕೂಗುವ ತ್ಸಾಯ್ ತಲೆ ಹಾಕುತ್ತಾರೆ. "ಯಂತ್ರದ ವೈದ್ಯಮ್ಮಾ, ಐಸೆಲ್ಲ ನೀರಾಯ್ತು. ಇನ್ನು ಮೀನು ಈಜ್ಕೊಂಡು ವಾಪಸ್ ಹೋಗ್ತವೆ!"

"ಬಲೆ ಹಿಡ್ಕೊಂಡು ನಿಂತಿರಿ, ತ್ಸಾಯಣ್ಣ."

ಪೋ-ಹಾನ್ ವಿಐ ತೆರೆದು, ಮೇಲಿನ ಸಾಲಿಗೆ ಹೋಗಿ ಇಂಗ್ಲಿಷಿನ ದೊಡ್ಡ ಜೆ ಒತ್ತುತ್ತಾನೆ. ಮುರಿದ ಸಾಲು ಕೂಡಿಕೊಳ್ಳುತ್ತದೆ. ಉಳಿಸಲು ಹೋದರೆ ಯಂತ್ರ ಒಲ್ಲೆ ಎನ್ನುತ್ತದೆ: ಓದಲು ಮಾತ್ರ, ಬರೆಯಲು ಅಪ್ಪಣೆಯಿಲ್ಲ.

"ಅಕ್ಕಾ!"

"ಅಯ್ಯೋ ನನ್ ತಲೆ! ಡಿಸ್ಕನ್ನ ಬರೆಯೋ ಹಾಗೆ ತೆರೆಯೋಕೆ ಹೇಳೋದೇ ಮರ್ತೆ." ಒಂದು ಕೈ ಕಂಕುಳಿಂದ ಅರ್ಧ ಹೊರಬಂದು, ಮತ್ತೆ ಒಳಕ್ಕೆ ಹೋಗುತ್ತದೆ. "ಹೊರಗೆ ಬಾ, ಆಜ್ಞೆ ಕೊಡು, ಮತ್ತೆ ತಿದ್ದು. ನೀನೇ."

ಅವನು ಹೊರಗೆ ಬರುತ್ತಾನೆ. ಹೌದು, ವಿಐ ಬಿಟ್ಟು ಹೊರಗೆ! ಆಜ್ಞೆ ಕೊಟ್ಟು, ತಿದ್ದಿ, ಉಳಿಸಿ, ಯಂತ್ರವನ್ನು ಮತ್ತೆ ಎಬ್ಬಿಸುತ್ತಾನೆ. ಹೊರಗಿನ ಹರಾಜು ಫಲಕದಲ್ಲಿ ಅಂಕಿಗಳು ಮೂಡುತ್ತವೆ. ತ್ಸಾಯ್ ಗಂಟಲು ಬಿಚ್ಚುತ್ತಾರೆ.

ಯೀ-ಚುನ್ ಕಂಕುಳಿಂದ ಕೈ ತೆಗೆದು, ಗೋಡೆಗೆ ಒರಗಿಸಿದ್ದ ಕುಡುಗೋಲಿನ ಚೀಲ ಹೆಗಲಿಗೇರಿಸುತ್ತಾರೆ.

"ಅಕ್ಕಾ, ನಾಳೆ ಏನಾದ್ರೂ ಆದ್ರೆ ಫೋನ್ ಮಾಡ್ಲಾ?"

"ಮಾಡು. ನಮ್ಮಪ್ಪ ಎತ್ತುತ್ತಾರೆ."